ಕೀಲಿಕೈಗೆ ಬಟ್ಟೆ ಬದಲಿಸುವ ಕೆಲಸ

ನಾನು ಹೊಟ್ಟೆಪಾಡಿಗೆ ಏನು ಮಾಡುತ್ತೇನೆ ಎಂಬುದನ್ನು ಸೋದರತ್ತೆಗೆ ಬಿಡಿಸಿ ಹೇಳುವ ಧೈರ್ಯವನ್ನು ಜೀವನದಲ್ಲಿ ಒಮ್ಮೆ ಮಾತ್ರ ಮಾಡಿದ್ದೇನೆ. ದಾಂಡೇಲಿಯ ಬಂಗೂರನಗರದಲ್ಲಿ ಕಂಪ್ಯೂಟರ್ ಕಲಿಸುವ ಒಂದು ಚಿಕ್ಕ ಅಂಗಡಿ ಇಟ್ಟುಕೊಂಡಿದ್ದ ಕಾಲ ಅದು. ಕಲಿಯಲು ಬರುವವರು ಕಡಿಮೆಯಾದಾಗ ಸಣ್ಣಪುಟ್ಟ ಕೆಲಸಗಳನ್ನೂ ಹಿಡಿಯುತ್ತಿದ್ದೆ. ಅವುಗಳಲ್ಲೊಂದು, ಒಂದು ನಮೂನೆಯ ಕಡತದಲ್ಲಿರುವ ಕೀಲಿಕೈಯನ್ನು ಇನ್ನೊಂದು ನಮೂನೆಗೆ ತರುವ ಪ್ರೋಗ್ರಾಮು ಬರೆದುಕೊಡುವುದು. ಅತ್ತೆ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ತಲೆಯಾಡಿಸಿ, ಎಲೆಗೆ ಸುಣ್ಣ ಹಚ್ಚಿಕೊಂಡಳು. ಮುಂದಿನ ಸಲ ಮುಂಡಗೋಡದಿಂದ ಬರುವಾಗ ಜಂಗು ತಿಂದ ಒಂದು ಟ್ರಂಕಿನ ಬೀಗವನ್ನು ಸೆರಗಿನಲ್ಲಿ ಕಟ್ಟಿಕೊಂಡು ತಂದಳು. ಮಧ್ಯಾಹ್ನವೆಲ್ಲ ಕೊಬ್ಬರಿಎಣ್ಣೆ ಬಿಟ್ಟು, ಹೇರ್‌ಪಿನ್ನು ತಿರುವಿ, ಹೇಗೋ ತೆರೆದುಕೊಟ್ಟೆ. ನನ್ನ ವೃತ್ತಿಯಲ್ಲಿ ನಮ್ಮ ಮನೆತನದವರ ಪೂರ್ಣ ಮೆಚ್ಚುಗೆ ಪಡೆದ ಕೆಲಸ ಅದೊಂದೇ.

ತಪ್ಪು ಅವಳದಲ್ಲ. ಕಂಪ್ಯೂಟರಿನ ಕೀಲಿಕೈ ಕಣ್ಣಿಗೆ ಕಾಣುವುದಿಲ್ಲ, ಸೊಂಟಕ್ಕೆ ಸಿಕ್ಕಿಸಿಕೊಳ್ಳಲು ಬರುವುದಿಲ್ಲ. ಅದು ಬರೀ ಒಂದು ಸಂಖ್ಯೆ. ಎಷ್ಟು ದೊಡ್ಡ ಸಂಖ್ಯೆ ಎಂದರೆ, ಓದಿ ಹೇಳಲು ಹೊರಟವನಿಗೆ ನಡುವೆ ಚಹಾ ಬೇಕಾಗುತ್ತದೆ. ಅದು ಇರುವುದು ಸಹಿ ಮಾಡುವುದಕ್ಕೆ. ಹಾಗಾಗಿ ಯಜಮಾನರ ಹತ್ತಿರ ಮಾತ್ರ ಇರಬೇಕು. ಅದರ ಜೋಡಿಯಾಗಿ ಒಂದು ಸರ್ಟಿಫಿಕೇಟು ಇರುತ್ತದೆ. ‘ಈ ಸಹಿ ಇಂಥವರದೇ’ ಎಂದು ನಂಬಿಕಸ್ಥರೊಬ್ಬರು ಬರೆದುಕೊಟ್ಟ ಸಾಕ್ಷಿ ಅದು, ಊರಿಗೆಲ್ಲ ತೋರಿಸಬಹುದು. ಒಂದು ಒಳಮನೆಯದು, ಇನ್ನೊಂದು ಪಡಸಾಲೆಯದು ಎಂದು ತಿಳಿದರೆ ಸಾಕು.

ತೊಡಕು ಇರುವುದು ಇವು ಉಡುವ ಬಟ್ಟೆಯಲ್ಲಿ. ಒಂದು ನಮೂನೆಯಲ್ಲಿ ಎರಡನ್ನೂ ಕೂಡಿಸಿ, ಬುತ್ತಿಯ ಗಂಟಿನಂತೆ ಕಟ್ಟಿ, ಪಾಸ್‌ವರ್ಡ್ ಹಾಕಿ ಬಿಗಿದಿರುತ್ತಾರೆ. ಇನ್ನೊಂದರಲ್ಲಿ ಎರಡನ್ನೂ ಬಿಡಿಬಿಡಿಯಾಗಿ ಇಂಗ್ಲಿಷ್ ಅಕ್ಷರಗಳ ಸಾಲುಗಳಲ್ಲಿ ಬರೆದು, ಮೇಲೆ ‘ಇಲ್ಲಿಂದ ಶುರು’ ಕೆಳಗೆ ‘ಇಲ್ಲಿಗೆ ಮುಗಿಯಿತು’ ಎಂದು ಗೆರೆ ಎಳೆದಿರುತ್ತಾರೆ. ಮತ್ತೊಂದು ಯಂತ್ರಕ್ಕೆ ಮಾತ್ರ ತಿಳಿಯುವಂಥದ್ದು. ನಾವು ತೆರೆದು ನೋಡಿದರೆ ಪರದೆಯ ಮೇಲೆ ಇರುವೆಗೂಡು ಕೆದರಿದಂತೆ ಕಾಣುತ್ತದೆ. ಒಳಗಿನ ಸಂಖ್ಯೆ ಎಲ್ಲದರಲ್ಲೂ ಅದೇ. ಆದರೆ ಒಂದೊಂದು ಪ್ರೋಗ್ರಾಮಿಗೆ ಒಂದೊಂದು ಹಟ. ಗಂಟು ಕೊಟ್ಟರೆ ಬಿಡಿ ಬೇಕೆನ್ನುತ್ತದೆ, ಬಿಡಿ ಕೊಟ್ಟರೆ ಗಂಟು ಬೇಕೆನ್ನುತ್ತದೆ.

ಇದು ನಮ್ಮ ಸೀಮೆಯವರಿಗೆ ಹೊಸದಾಗಬಾರದು. ಜೋಯಿಡಾದ ಕಡೆ ಹೋದರೆ ಕೊಂಕಣಿಯನ್ನು ಒಬ್ಬರು ಕನ್ನಡ ಅಕ್ಷರದಲ್ಲಿ ಬರೆಯುತ್ತಾರೆ, ಇನ್ನೊಬ್ಬರು ನಾಗರಿಯಲ್ಲಿ, ಗೋವೆಯ ನಂಟಿದ್ದವರು ಇಂಗ್ಲಿಷ್ ಅಕ್ಷರದಲ್ಲಿ. ಗಟ್ಟಿಯಾಗಿ ಓದಿದರೆ ಕೇಳುವ ಅಜ್ಜಿಗೆ ಎಲ್ಲವೂ ಒಂದೇ ಮಾತು. ನಮ್ಮ ಅಜ್ಜನಿಗೆ ಹಳೆಯ ಕಾಗದಗಳ ಮೋಡಿ ಲಿಪಿ ಬರುತ್ತಿತ್ತು. ಹಳಿಯಾಳ ಸಂತೆಗೆ ಬಂದ ರೈತರು ಹೊಲದ ಕಾಗದ ತಂದರೆ, ಕಟ್ಟೆಯ ಮೇಲೆ ಕುಳಿತು ಅದನ್ನು ಕನ್ನಡದಲ್ಲಿ ಬರೆದುಕೊಡುತ್ತಿದ್ದ. ನಾನು ಪ್ರೋಗ್ರಾಮಿನಲ್ಲಿ ಮಾಡುವುದೂ ಅದೇ ಎಂದುಕೊಂಡರೆ ನನ್ನ ಕೆಲಸಕ್ಕೆ ತಕ್ಷಣ ಒಂದು ಪರಂಪರೆ ಬಂದುಬಿಡುತ್ತದೆ. ಬಡವನಿಗೆ ಇಂಥ ಸಮಾಧಾನ ಬೇಕಾಗುತ್ತದೆ.

ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ನಮ್ಮೂರಿನ ಗಿರಣಿಗೆ ಲಾರಿಗಟ್ಟಲೆ ಬಿದಿರು ಹೋಗಿ ಕಾಗದವಾಗಿ ಹೊರಬರುತ್ತಿತ್ತು. ಅದು ರೂಪಾಂತರವಲ್ಲ, ಜನ್ಮಾಂತರ. ಆ ಕಾಗದವನ್ನು ಎಷ್ಟು ಬೇಡಿಕೊಂಡರೂ ಅದು ಮತ್ತೆ ಬಿದಿರಾಗುವುದಿಲ್ಲ. ಕೀಲಿಕೈ ಹಾಗಲ್ಲ; ಎಷ್ಟು ಸಲ ಬಟ್ಟೆ ಬದಲಿಸಿದರೂ ತಿರುಗಿ ಮೊದಲಿನ ಬಟ್ಟೆಗೆ ಬರಬೇಕು, ಒಳಗೆ ಒಂದು ಅಂಕಿಯೂ ಅತ್ತಿತ್ತ ಆಗಿರಬಾರದು. ನಾನಂತೂ ಶುರುವಿನಲ್ಲಿ ಇದರಲ್ಲೂ ನಮ್ಮ ಸಂಪ್ರದಾಯ ತೂರಿಸಲು ಹೋಗಿದ್ದೆ. ಯಾವ ಬರಹದ ನೆತ್ತಿಯ ಮೇಲೂ ‘ಶ್ರೀ’ ಇರಲೇಬೇಕೆಂದು ಕಲಿಸಿದವರು ಹಿರಿಯರು. ಹಾಗಾಗಿ ಅಕ್ಷರದ ನಮೂನೆಯಲ್ಲಿ ಮಾಡಿದ ಮೊದಲ ಸರ್ಟಿಫಿಕೇಟಿನ ಮೇಲೂ ಒಂದು ‘ಶ್ರೀ’ ಬರೆದೆ. ಒಂದು ಪ್ರೋಗ್ರಾಮು ಅದನ್ನು ಕಂಡೂ ಕಾಣದಂತೆ ದಾಟಿ ಒಳಗಿನದನ್ನು ಓದಿತು. ಇನ್ನೊಂದು, ಇದು ಸರ್ಟಿಫಿಕೇಟೇ ಅಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳಿತು. ಯಂತ್ರಗಳಲ್ಲೂ ಆಸ್ತಿಕ ನಾಸ್ತಿಕ ಎಂಬ ಭೇದ ಇದೆಯೆಂದು ಅಂದು ತಿಳಿಯಿತು.

ಇಷ್ಟೆಲ್ಲ ಪೀಠಿಕೆ ಹಾಕಿದ್ದು ಕಸ್ತೂರಕ್ಕನ ಕೀಲಿಕೈಯ ವಿಷಯ ಹೇಳಲಿಕ್ಕೆ.

ಗಿರಣಿಯಲ್ಲಿ ದುಡಿಯುವವರ ಮನೆಯ ಹೆಂಗಸರು ಕೂಡಿ ಬಂಗೂರನಗರದಲ್ಲಿ ಒಂದು ಹೊಲಿಗೆ ಸಂಘ ಮಾಡಿಕೊಂಡಿದ್ದರು. ಹೆಚ್ಚಿನವರು ಧಾರವಾಡ, ಬೆಳಗಾವಿ ಕಡೆಯಿಂದ ಬಂದವರು. ಕಸ್ತೂರಕ್ಕ ಅವರ ಅಧ್ಯಕ್ಷೆ. ಒಂದು ಖಾಸಗಿ ಟ್ರಸ್ಟಿನ ವಸತಿಶಾಲೆಗಳಿಗೆ ಸಮವಸ್ತ್ರ ಹೊಲಿಯುವ ಕೆಲಸ ವರ್ಷವರ್ಷವೂ ಇವರಿಗೇ ಬರುತ್ತಿತ್ತು. ಯಾವ ಹುಡುಗಿ ಈ ವರ್ಷ ಎತ್ತರವಾಗಿದ್ದಾಳೆ, ಯಾವ ಹುಡುಗ ಕಿಸೆ ಹರಿದುಕೊಳ್ಳುತ್ತಾನೆ ಎಂಬುದು ಈ ಹೆಂಗಸರಿಗೆ ಅವರ ಮಾಸ್ತರರಿಗಿಂತ ಚೆನ್ನಾಗಿ ಗೊತ್ತಿತ್ತು. ವರ್ಷದ ಅರ್ಧ ದಿನ ಮಷಿನ್ನುಗಳು ತಿರುಗುತ್ತಿದ್ದದ್ದು ಆ ಕೆಲಸದಿಂದಲೇ. ಇಂಥದ್ದರಲ್ಲಿ ಟ್ರಸ್ಟಿನವರು, ಇನ್ನು ಮುಂದೆ ಕೊಟೇಶನ್ನನ್ನು ಇಂಟರ್ನೆಟ್ಟಿನಲ್ಲೇ ಕಳಿಸಬೇಕು, ಅದರ ಮೇಲೆ ಅಧ್ಯಕ್ಷರ ಡಿಜಿಟಲ್ ಸಹಿ ಇರಬೇಕು ಎಂದು ಹೊಸ ಪದ್ಧತಿ ತಂದರು. ಹುಬ್ಬಳ್ಳಿಯ ದೊಡ್ಡ ಬಟ್ಟೆ ವ್ಯಾಪಾರಿಯೊಬ್ಬ ಈ ಕೆಲಸದ ಮೇಲೆ ಕಣ್ಣಿಟ್ಟಿದ್ದಾನೆಂಬ ಸುದ್ದಿಯೂ ಇತ್ತು.

ಕಸ್ತೂರಕ್ಕ ಎದೆಗುಂದದೆ ಹುಬ್ಬಳ್ಳಿಗೆ ಹೋಗಿ, ಏಜೆಂಟರ ಕಡೆಯಿಂದ ತನ್ನ ಹೆಸರಿನ ಸರ್ಟಿಫಿಕೇಟು ಮತ್ತು ಕೀಲಿಕೈ ಮಾಡಿಸಿ, ಸೀಡಿಯಲ್ಲಿ ಹಾಕಿಸಿಕೊಂಡು ಬಂದಳು. ಪಾಸ್‌ವರ್ಡನ್ನು ತಾನೇ ಒಂದೊಂದೇ ಬೆರಳಿನಿಂದ ಒತ್ತಿದ್ದಳಂತೆ. ಹಾಸ್ಟೆಲಿನ ಮಕ್ಕಳ ಬಟ್ಟೆಗೆ ಹೆಸರಿನ ಪಟ್ಟಿ ಹೊಲಿದು ಹೊಲಿದು ಅವಳಿಗೆ ಇಂಗ್ಲಿಷ್ ಅಕ್ಷರಗಳು ಬರುತ್ತಿದ್ದವು.

ಕೊನೆಯ ದಿನ ಬಂತು. ಸಂಜೆಯೊಳಗೆ ಕೊಟೇಶನ್ ಹೋಗಬೇಕು. ಎಲ್ಲ ತಯಾರಿದೆಯೆಂದುಕೊಂಡು ಸೀಡಿಯನ್ನು ಗೌರವ್ವನ ಕೈಗೆ ಕೊಟ್ಟು, ಸಹಿ ಹಾಕಿ ಕಳಿಸಿಬಿಡಿ ಎಂದು ನನಗೂ ಹೇಳಿ, ಕಸ್ತೂರಕ್ಕ ಹಿಂದಿನ ದಿನವೇ ಅನಮೋಡಕ್ಕೆ ಹೋಗಿದ್ದಳು. ಗೌರವ್ವ ಸಂಘದ ಹಿರಿಯ ಹೆಂಗಸು. ಅನಮೋಡದಲ್ಲಿ ಗೋವೆಯ ಗಡಿಯ ಚೆಕ್‌ಪೋಸ್ಟಿನ ಹತ್ತಿರ ಕಸ್ತೂರಕ್ಕನ ತಮ್ಮನದು ಚಹಾದ ಅಂಗಡಿ, ಅದರ ಹಿಂದೆಯೇ ಮನೆ. ತಮ್ಮನ ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ಹೇಳಿ ಮುಗಿಸಿದ ಕೂಡಲೇ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದುವುದೂ ಅಷ್ಟೇ ಹಕ್ಕಿನ ಮಾತು. ಇಂಥ ಪದವಿಯನ್ನು ಯಾರು ಬಿಟ್ಟಾರು?

ನಾನು ಸೀಡಿ ಹಾಕಿ ನೋಡಿದರೆ ಅದರಲ್ಲಿದ್ದದ್ದು ಗಂಟಿನ ನಮೂನೆ. ಟ್ರಸ್ಟಿನವರ ಪ್ರೋಗ್ರಾಮಿಗೆ ಬೇಕಾದದ್ದು ಬಿಡಿ ನಮೂನೆ. ಇದೇನು ದೊಡ್ಡದು ಎಂದು ಅಂಗಿಯ ತೋಳು ಮಡಚಿ ಹತ್ತಿಪ್ಪತ್ತು ಸಾಲಿನ ಪ್ರೋಗ್ರಾಮು ಬರೆದೆ. ಗಂಟು ಬಿಚ್ಚು, ಒಳಗಿನ ಕೀಲಿಕೈ ತೆಗೆ, ಸರ್ಟಿಫಿಕೇಟು ತೆಗೆ, ಎರಡನ್ನೂ ಅಕ್ಷರಕ್ಕೆ ಇಳಿಸು, ಮೇಲೊಂದು ಕೆಳಗೊಂದು ಗೆರೆ ಹಾಕಿ ಬೇರೆ ಬೇರೆ ಕಡತದಲ್ಲಿಡು. ಬರೆದ ಖುಷಿಯಲ್ಲಿ ಗೌರವ್ವನಿಗೂ ಓದಿ ಹೇಳಿದೆ. ಪ್ರೋಗ್ರಾಮು ಶುರುವಾಗಿ ಮೊದಲ ಹೆಜ್ಜೆಯಲ್ಲೇ ನಿಂತು ಪಾಸ್‌ವರ್ಡ್ ಕೇಳಿತು. ಅದನ್ನು ಕೇಳಿಟ್ಟುಕೊಳ್ಳುವುದು ನಮಗಾರಿಗೂ ಹೊಳೆದಿರಲಿಲ್ಲ.

ಅನಮೋಡದ ಚಹಾದ ಅಂಗಡಿಗೆ ಫೋನ್ ಹಚ್ಚಿದೆ. ಆ ಕಡೆ ಲಾರಿಗಳ ಸದ್ದು, ಕಪ್ಪುಬಸಿಗಳ ಸದ್ದು. ಕಸ್ತೂರಕ್ಕ ಬಂದಳು. ಪಾಸ್‌ವರ್ಡ್ ಏನಿಟ್ಟಿದ್ದೀರಿ ಎಂದು ಕೇಳಿದೆ.

“ಅದು ಬಾಯಿಲೆ ಹೇಳೂದಲ್ರಿ, ಸರ.”

“ಮರ್ತೀರೇನ್ರಿ ಅಕ್ಕಾರ?”

“ಅದನ್ನ ಮರೆಯೂದು ಹೆಂಗ ಆಗತೈತ್ರಿ? ನೆನಪೈತಿ. ಹೇಳಾಕ ಬರೂದಿಲ್ಲ.”

ಅಷ್ಟರಲ್ಲಿ ಆ ಕಡೆ ಡ್ರೈವರನೊಬ್ಬ ತನಗೆ ಅವಸರದ ಫೋನ್ ಮಾಡುವುದಿದೆಯೆಂದು ಕೂಗಿದ್ದು ಕೇಳಿಸಿತು, ಲೈನು ಹೋಯಿತು. ನಾನು ಕೈಯಲ್ಲಿ ರಿಸೀವರ್ ಹಿಡಿದುಕೊಂಡೇ, ಈಯಮ್ಮನಿಗೆ ನನ್ನ ಮೇಲೆ ನಂಬಿಕೆ ಇಲ್ಲವೇ ಎಂದು ತುಸು ನೊಂದುಕೊಂಡೆ. ಗೌರವ್ವ ಒಂದು ಕಾಲರಿಗೆ ಕೈಹೊಲಿಗೆ ಹಾಕುತ್ತ ಕುಳಿತಿದ್ದವಳು ಸೂಜಿಯನ್ನು ಬಟ್ಟೆಗೆ ಚುಚ್ಚಿ ನಗತೊಡಗಿದಳು.

“ಗಂಡನ ಹೆಸರ ಇಟ್ಟಿರ್ತಾಳ್ರಿ, ಸರ. ಅದೊಂದ ಬಿಟ್ರ ಅಕಿ ಬಾಯಾಗ ಬರಲಾರದ್ದು ಯಾವುದೈತಿ?”

ಆಮೇಲೆ ಗೌರವ್ವನ ಬಾಯಿಂದ ಎಲ್ಲ ಬಿಚ್ಚಿಕೊಂಡಿತು. ಹುಬ್ಬಳ್ಳಿಯ ಏಜೆಂಟ ಅವಳಿಗೆ, ನೀವು ಎಂದೂ ಮರೆಯದ, ನಿಮ್ಮ ಬಾಯಿಂದ ಯಾರೂ ಎಂದೂ ಕೇಳಿರದ ಮಾತನ್ನು ಪಾಸ್‌ವರ್ಡ್ ಇಡಿ ಎಂದಿದ್ದನಂತೆ. ಅವನು ಅದನ್ನು ಎಷ್ಟು ಜನರಿಗೆ ಹೇಳಿದ್ದನೋ. ಹೇಳಿದಂತೆ ಕೇಳಿದವಳು ಬಹುಶಃ ಕಸ್ತೂರಕ್ಕ ಒಬ್ಬಳೇ. ಹಳಿಯಾಳದ ಕಡೆಯ ಹಳ್ಳಿಯ ಮನೆಯಲ್ಲಿ ಬೆಳೆದ ಹೆಂಗಸು. ಗಂಡನ ಹೆಸರನ್ನು ಹೇಳಿದವಳೂ ಅಲ್ಲ, ಮರೆತವಳೂ ಅಲ್ಲ. ಅಂಥ ಬಿಗಿಯಾದ ಪಾಸ್‌ವರ್ಡನ್ನು ನಾನು ಮತ್ತೆ ಕಂಡಿಲ್ಲ.

ಗಂಡನ ಹೆಸರಾದರೆ ಚಿಂತೆ ಯಾಕೆ, ಗಂಡನೇ ಊರಲ್ಲಿದ್ದಾನೆ. ಗೌರವ್ವ ಯಾರನ್ನೋ ಓಡಿಸಿ ಅವನನ್ನು ಕರೆಸಿದಳು. ಗಿರಣಿಯ ಪಾಳಿ ಮುಗಿಸಿ ಬಂದು ಉಣ್ಣುತ್ತಿದ್ದವನು ಕೈ ತೊಳೆದುಕೊಂಡು ಬಂದ. ಹೆಂಡತಿ ತನ್ನ ಹೆಸರನ್ನು ಕಂಪ್ಯೂಟರಿನಲ್ಲಿ ಇಟ್ಟಿದ್ದಾಳೆಂದು ತಿಳಿದಾಗ ಅವನ ಮುಖ ನೋಡಬೇಕಿತ್ತು. ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ಕಾಲರ್ ಸರಿಮಾಡಿಕೊಂಡು, “ಚಂದ್ರಶೇಖರ” ಎಂದ, ಹಾಜರಿ ಹೇಳುವವನ ಹಾಗೆ.

ಒತ್ತಿದೆ. ಕಡತ ಕೆಟ್ಟಿರಬೇಕು ಅಥವಾ ಪಾಸ್‌ವರ್ಡ್ ತಪ್ಪಿರಬೇಕು ಎಂದಿತು ಯಂತ್ರ. ಈ ಯಂತ್ರಗಳದು ಊರ ಹಿರಿಯರ ಪಂಚಾಯಿತಿಯ ಮಾತು, ಎರಡೂ ಕಡೆ ಕಾಲಿಟ್ಟೇ ಹೇಳುತ್ತವೆ. ಗೆಳೆಯರು ಕರೆಯುವ ‘ಶೇಖರ’ ಹಾಕಿ ನೋಡಿದೆ. ಇಲ್ಲ. ತಾಯಿ ಕರೆಯುತ್ತಿದ್ದ ‘ಚಂದ್ರು’ ಹಾಕಿದೆ. ಇಲ್ಲ. ಗಿರಣಿಯಲ್ಲಿ ಕರೆಯುವ ಅಡ್ಡಹೆಸರೊಂದಿತ್ತು. ಅದನ್ನು ನನ್ನ ಕಿವಿಯಲ್ಲಿ ಹೇಳಿದ. ಅದೂ ಇಲ್ಲ. ಎಷ್ಟು ಸಲ ಬಾಗಿಲು ಬಡಿದರೂ ಕಡತಕ್ಕೆ ಸಿಟ್ಟು ಬರುವುದಿಲ್ಲ, ಅಷ್ಟು ಪುಣ್ಯ. ಆದರೆ ಒಂದೊಂದು ಹೆಸರು ಬಿದ್ದುಹೋದಂತೆಲ್ಲ ಶೇಖರಣ್ಣ ಕುರ್ಚಿಯಲ್ಲಿ ಕುಗ್ಗುತ್ತ ಬಂದ.

“ಅಣ್ಣಾರ, ನೀವ ಖರೇನ ಅಕಿ ಗಂಡ ಹೌದೋ ಅಲ್ಲೋ?” ಎಂದಳು ಗೌರವ್ವ, ಸೂಜಿಗೆ ದಾರ ಪೋಣಿಸುತ್ತ.

ಅವನು ನಗಲಿಲ್ಲ. “ಮನ್ಯಾಗ ಏನ್ರೀ ಅಂತಾಳ, ಇಲ್ಲಿ ನೋಡ್ರಿ ಅಂತಾಳ,” ಎಂದು ತನ್ನಷ್ಟಕ್ಕೆ ಎಂಬಂತೆ ಹೇಳಿದ. “ಒಳಗ ಏನಂತಾಳೋ ನಾ ಯಾವತ್ತೂ ಕೇಳಿಲ್ಲ.”

ಅಲ್ಲಿಗೆ ಆ ಕೋಣೆಯಲ್ಲಿ ಪ್ರಶ್ನೆ ಎರಡಾದವು. ಗೌರವ್ವನಿಗೆ ಸಂಘದ ಕೆಲಸ ಉಳಿಯುತ್ತದೆಯೋ ಇಲ್ಲವೋ ಎಂಬುದು. ಶೇಖರಣ್ಣನಿಗೆ, ಇಷ್ಟು ವರ್ಷ ಒಂದೇ ಪಡಸಾಲೆಯಲ್ಲಿ ಕುಳಿತು ಚಹಾ ಕುಡಿದ ಹೆಂಗಸಿನ ಮನಸ್ಸಿನಲ್ಲಿ ತನ್ನ ಹೆಸರೇನು ಎಂಬುದು. ಗಡಿಯಾರದ ಮುಳ್ಳು ಎರಡನ್ನೂ ಲೆಕ್ಕಿಸದೆ ಸರಿಯುತ್ತಿತ್ತು. ಅನಮೋಡದಿಂದ ಬಸ್ಸು ಹಿಡಿದು ಅವಳು ಇಲ್ಲಿಗೆ ಮುಟ್ಟುವಷ್ಟರಲ್ಲಿ ಟ್ರಸ್ಟಿನವರ ಬಾಗಿಲು ಹಾಕಿಹೋಗಿರುತ್ತಿತ್ತು.

ಮತ್ತೆ ಫೋನ್ ಹಚ್ಚಿದೆ. ಈ ಸಲ ಅಂಗಡಿಯ ಹಿಂದಿನ ಮನೆಯಿಂದ ಹೆಂಗಸರ ಗದ್ದಲವೂ ಕೇಳುತ್ತಿತ್ತು, ತೊಟ್ಟಿಲು ಸಿಂಗಾರವಾಗಿತ್ತಂತೆ. ನಾನು ನನ್ನ ಬುದ್ಧಿವಂತಿಕೆಯನ್ನೆಲ್ಲ ಕೂಡಿಸಿ, ಹೆಸರು ಹೇಳುವುದು ಬೇಡ, ಇಂಗ್ಲಿಷಿನ ಒಂದೊಂದೇ ಅಕ್ಷರ ಹೇಳಿರಿ, ನಾನು ಕೂಡಿಸಿಕೊಳ್ಳುತ್ತೇನೆ ಎಂದೆ.

“ಒಂದೊಂದ ಮೆಟ್ಟಲಾ ಹತ್ತಿದರೂ ಮಾಳಿಗಿಗೇ ಹೋಗೂದಲ್ಲೇನ್ರಿ, ಸರ?” ಎಂದಳು ಕಸ್ತೂರಕ್ಕ.

ನನ್ನ ವಿದ್ಯೆ ಅಲ್ಲಿಗೆ ಮುಗಿಯಿತು. ಆದರೆ ಅತ್ತೆಯ ಮಡಿಲಲ್ಲಿ ಕುಳಿತು ಮಾತು ಕಲಿತವನಿಗೆ ಕಷ್ಟದಲ್ಲಿ ನೆನಪಾಗುವುದು ಅವಳು ಕಂಡ ಮದುವೆಮನೆಗಳೇ. ನಮ್ಮ ಕಡೆ ಮದುವೆಯಲ್ಲಿ, ತೊಟ್ಟಿಲ ಕಾರ್ಯದಲ್ಲಿ, ಹೆಂಗಸರು ಕೂಡಿದಲ್ಲೆಲ್ಲ ಒಡಪು ಹಾಕಿಸುವ ರೂಢಿ. ಬರಿದಾಗಿ ಹೇಳಬಾರದ ಗಂಡನ ಹೆಸರನ್ನು ಪ್ರಾಸದ ಎರಡು ಮಾತಿನಲ್ಲಿ ಸುತ್ತಿ ಹೇಳಿದರೆ ದೋಷವಿಲ್ಲ. ಕೇಳಿದವರು ನಗುತ್ತಾರೆ, ಹೇಳಿದವಳು ನಾಚುತ್ತಾಳೆ, ಹೆಸರಿಗೆ ಒಂದು ಗೀರೂ ಬೀಳುವುದಿಲ್ಲ.

“ಅಕ್ಕಾರ, ಒಡಪಿನ್ಯಾಗ ಹೇಳ್ರಿ,” ಎಂದೆ.

ಆ ಕಡೆ ಫೋನಿನ ಹತ್ತಿರ ನಿಂತಿದ್ದ ಯಾರೋ ಹೆಂಗಸಿಗೆ ಇದು ಕೇಳಿಸಿರಬೇಕು. ಒಡಪಂತೆ, ಒಡಪಂತೆ ಎಂದು ಒಳಗಿನ ತನಕ ಸುದ್ದಿ ಹೋಗಿ, ಅವರೆಲ್ಲ ತೊಟ್ಟಿಲು ಬಿಟ್ಟು ಫೋನಿನ ಸುತ್ತ ನೆರೆದ ಸದ್ದಾಯಿತು. ಕಸ್ತೂರಕ್ಕ ದನಿ ತಗ್ಗಿಸಿ ಕೇಳಿದಳು.

“ಅವರು ಅಲ್ಲೇ ಕುಂತಾರೇನ್ರಿ?”

“ಇಲ್ಲೇ ಅದಾರ.”

“ಹೊರಗ ಕಳಸ್ರಿ.”

ಶೇಖರಣ್ಣ ನನ್ನ ಮುಖ ನೋಡಿಯೇ ಅರ್ಥಮಾಡಿಕೊಂಡು ಎದ್ದ. ಹೊರಗೆ ಹೋಗಿ ಬೆನ್ನು ಮಾಡಿ ನಿಂತ. ರಸ್ತೆಯಲ್ಲಿ ಗಿರಣಿಯ ಕಡೆ ಹೋಗುವ ಬಿದಿರಿನ ಲಾರಿಗಳನ್ನು ಅವನು ಅಷ್ಟು ಗಮನವಿಟ್ಟು ನೋಡಿದ್ದು ಅದೇ ಮೊದಲಿರಬೇಕು.

“ಕಾಳಿ ಹೊಳಿ ನೀರು, ಹಳ್ಯಾಳ ಬೆಲ್ಲದ ಚೂರು, ಹೊಸ್ತಿಲದಾಗ ನಿಂತು ಕರದವರು ಯಾರು?” ಎಂದಳು ಕಸ್ತೂರಕ್ಕ. ಅದರ ಮುಂದೆ ಒಂದು ಹೆಸರು ಬಂತು. ಅನಮೋಡದ ಹೆಂಗಸರೆಲ್ಲ ಒಟ್ಟಿಗೇ ನಕ್ಕರು. ಆ ನಗೆಯ ನಡುವೆಯೂ ನನಗೆ ಅದು ಸ್ಪಷ್ಟವಾಗಿ ಕೇಳಿಸಿತು. ಬಹಳ ಚಿಕ್ಕ ಹೆಸರು. ಇಂಗ್ಲಿಷಿನಲ್ಲಿ ತಪ್ಪಾಗಿ ಬರೆಯಲು ಜಾಗವೇ ಇಲ್ಲದಷ್ಟು ಚಿಕ್ಕದು. ಚಂದ್ರನಿಗೂ ಶೇಖರನಿಗೂ ಅದಕ್ಕೂ ಸಂಬಂಧವಿರಲಿಲ್ಲ.

ಒತ್ತಿದೆ. ಗಂಟು ಬಿಚ್ಚಿತು.

ಉಳಿದದ್ದು ಯಂತ್ರದ ಕೆಲಸ. ಕೀಲಿಕೈ ಒಂದು ಕಡತಕ್ಕೆ ಬಂತು, ಸರ್ಟಿಫಿಕೇಟು ಇನ್ನೊಂದಕ್ಕೆ. ಎರಡೂ ಒಂದಕ್ಕೊಂದು ಜೋಡಿಯೇ ಎಂದು ಒಳಗಿನ ಸಂಖ್ಯೆ ಹೋಲಿಸಿ ನೋಡಿದೆ. ಇಲ್ಲದಿದ್ದರೆ ಒಂದೇ ಅಂಗಿಗೆ ಎರಡೂ ಎಡದೋಳು ಹೊಲಿದಂತಾಗುತ್ತದೆ. ಕೊಟೇಶನ್ನನ್ನು ಮತ್ತೊಮ್ಮೆ ಫೋನಿನಲ್ಲಿ ಓದಿ ಹೇಳಿ, ಕಸ್ತೂರಕ್ಕ ಹೂಂ ಎಂದ ಮೇಲೆ ಸಹಿ ಹಾಕಿ ಕಳಿಸಿದೆ. ಬೇರೆಯವರ ಕೀಲಿಕೈಯಿಂದ ಹೀಗೆ ಸಹಿ ಹಾಕುವುದನ್ನು ಕಾನೂನು ಬಲ್ಲವರು ಒಪ್ಪಲಿಕ್ಕಿಲ್ಲ. ಅವರು ಅಂದು ಅಲ್ಲಿರಲಿಲ್ಲ. ಸ್ವೀಕರಿಸಲಾಗಿದೆ ಎಂಬ ಸಾಲು ಪರದೆಯ ಮೇಲೆ ಬಂದಾಗ ಗೌರವ್ವ ಎರಡೂ ಕೈ ಜೋಡಿಸಿ, ಮುಗಿಯಬೇಕಾದದ್ದು ನನಗೋ ಮಾನಿಟರಿಗೋ ತಿಳಿಯದೆ, ನಡುವಿನ ಜಾಗಕ್ಕೆ ಮುಗಿದಳು. ಆ ವರ್ಷವೂ ಕೆಲಸ ಅವರಿಗೇ ಬಂತು.

ಶೇಖರಣ್ಣ ಒಳಗೆ ಬಂದ.

“ಏನಂದ್ಲ್ರಿ, ಸರ?”

“ಕೆಲಸ ಆತ್ರಿ.”

“ಅದಲ್ರಿ. ನನ್ನ ಹೆಸರು.”

ಇನ್ನೊಬ್ಬರ ಪಾಸ್‌ವರ್ಡನ್ನು ಹೇಳುವುದು ನನ್ನ ಕೆಲಸದ ಧರ್ಮಕ್ಕೆ ಸಲ್ಲದು ಎಂದೆ. ಅವನು ಗೌರವ್ವನ ಕಡೆ ತಿರುಗಿ, ನೋಡವಾ, ನನ್ನ ಹೆಸರು ನನಗ ಹೇಳಾಕ ಇವರಿಗೆ ಅಡ್ಡಿ ಐತಂತ ಎಂದು ದೂರು ಹೇಳಿದ. ಬಂದ ಮೇಲೆ ಅವಳನ್ನೇ ಕೇಳಿಕೊಳ್ಳಿ ಎಂದಳು ಗೌರವ್ವ. ಅವನು ಸಂಜೆ ಕ್ಷೌರ ಮಾಡಿಸಿಕೊಂಡು, ಅಂಗಿ ಬದಲಿಸಿ, ಅವಳ ಬಸ್ಸಿಗೆ ಬಹಳ ಮೊದಲೇ ಸ್ಟ್ಯಾಂಡಿನಲ್ಲಿ ನಿಂತಿದ್ದನೆಂದು ಆಮೇಲೆ ಕೇಳಿದೆ.

ಅಂದಿನಿಂದ ನನಗೆ ಈ ನಮೂನೆಗಳ ಮೇಲಿದ್ದ ಸಿಟ್ಟು ಕಡಿಮೆಯಾಗಿದೆ. ಒಳಗಿನದು ಒಂದೇ ಆದಮೇಲೆ ಇಷ್ಟು ವೇಷ ಯಾಕೆ ಎಂದು ನಾನು ಗೊಣಗುತ್ತಿದ್ದೆ. ಬರೀ ಒಳಗಿನದೇ ಮುಖ್ಯವಾಗಿದ್ದರೆ ಕಸ್ತೂರಕ್ಕ ಮೊದಲ ಫೋನಿನಲ್ಲೇ ಹೆಸರು ಹೇಳಿ ಇಟ್ಟುಬಿಡಬಹುದಿತ್ತು. ಯಾರ ಮುಂದೆ, ಎಷ್ಟು, ಯಾವ ಬಟ್ಟೆಯಲ್ಲಿ ಎಂಬುದರಲ್ಲೇ ಅರ್ಧ ಮರ್ಯಾದೆ, ಅರ್ಧ ಪ್ರೀತಿ ಇರುತ್ತದೆ. ಅದನ್ನು ಪ್ರೋಗ್ರಾಮಿನ ಸಾಲಿನಲ್ಲಿ ಬರೆಯುವುದು ನನಗಿನ್ನೂ ಬಂದಿಲ್ಲ.

ಮರುವಾರ ಕಸ್ತೂರಕ್ಕ ತೊಟ್ಟಿಲ ಕಾರ್ಯದ ಉಂಡಿ ಕಟ್ಟಿಕೊಂಡು ಅಂಗಡಿಗೆ ಬಂದಳು. ಆ ಹೆಸರು ನೀವು ಕೇಳಿದ್ದಾಯಿತು, ಅನಮೋಡವೆಲ್ಲ ಕೇಳಿದ್ದಾಯಿತು, ಇನ್ನು ಅದು ನಡೆಯುವುದಿಲ್ಲ, ಬೇರೆ ಪಾಸ್‌ವರ್ಡ್ ಇಟ್ಟು ಹೊಸ ಗಂಟು ಕಟ್ಟಿಕೊಡಿ ಎಂದಳು. ಇದನ್ನೇ ದಪ್ಪ ಪುಸ್ತಕಗಳಲ್ಲಿ ಅಧ್ಯಾಯಗಟ್ಟಲೆ ಹೇಳಿರುತ್ತಾರೆ. ನಾನು ಎಲ್ಲ ಸಿದ್ಧಮಾಡಿ ಕುರ್ಚಿ ಬಿಟ್ಟುಕೊಟ್ಟು, ಗೋಡೆಯ ಕಡೆ ಮುಖ ಮಾಡಿ ನಿಂತೆ. ಆದರೂ ಬಾಯಿ ಸುಮ್ಮನಿರಲಿಲ್ಲ. ಅಂಥ ಗಟ್ಟಿ ಮಾತು, ಮರೆಯಲಾಗದ್ದು, ಯಾರೂ ಕೇಳಿರದ್ದು, ಇನ್ನೊಂದು ಎಲ್ಲಿಂದ ತರುತ್ತೀರಿ ಎಂದು ಕೇಳಿದೆ.

“ಇಷ್ಟು ವರ್ಷದ ಸಂಸಾರದಾಗ ಅವರಿಗೆ ಒಂದ ಹೆಸರು ಸಾಕಾಗತೈತೇನ್ರಿ, ಸರ?” ಎಂದಳು ಕಸ್ತೂರಕ್ಕ.

ನನ್ನ ಬೆನ್ನ ಹಿಂದೆ ಕೀಬೋರ್ಡು ಬಹಳ ಹೊತ್ತು ಟಕಟಕ ಎನ್ನುತ್ತಲೇ ಇತ್ತು.